ಫ್ಲೈ ಫಿಶಿಂಗ್ ಕಲಿಯೋಕೆ ಎರಡು ದಿನ ಸಾಕಾ? ಸಾಕು, ಆದ್ರೆ ಮೊದಲನೇ ದಿನ ನೀರಿನ ಹತ್ರ ಹೋಗ್ಬೇಡಿ

ಪ್ರಶ್ನೆ: ಸರ್, ನಾವು ಮಂಡ್ಯದವ್ರು. ನಾನು, ಯಜಮಾನ್ರು, ಹನ್ನೆರಡು ವರ್ಷದ ಮಗಳು, ಏಳು ವರ್ಷದ ಮಗ, ಜೊತೆಗೆ ನಮ್ಮ ಮಾವ. ಮಗಳು ವಿಡಿಯೋದಲ್ಲಿ ಫ್ಲೈ ಫಿಶಿಂಗ್, ಅದೇ ಗರಿಯಿಂದ ಮಾಡಿದ ಸುಳ್ಳು ಹುಳ ಹಾಕಿ ಮೀನು ಹಿಡಿಯೋದು, ನೋಡ್ಬಿಟ್ಟು ಒಂದು ತಿಂಗಳಿಂದ ಅದೇ ಜಪ. ಮೈಸೂರು-ಮಂಡ್ಯ ಕಡೆ ಶನಿವಾರ-ಭಾನುವಾರ ಮನೆಯವ್ರೆಲ್ಲ ಹೋಗಿ ಕಲಿಯೋ ಹಾಗೆ ಜಾಗ ಇದ್ಯಾ? ಭೀಮೇಶ್ವರಿಗೆ ಹೋದ್ರೆ ಆಗುತ್ತಾ? ಏನೇನು ಸಾಮಾನು ತಗೋಬೇಕು? ಮಾವ ಚಿಕ್ಕಂದಿನಿಂದ ನಾಲೆಲಿ ಗಾಳ ಹಾಕಿದವ್ರು, "ಹುಳ ಇಲ್ದೆ ಬರೀ ಗರಿಗೆ ಯಾವ ಮೀನಮ್ಮ ಬೀಳುತ್ತೆ" ಅಂತ ಕೇಳ್ತಾರೆ, ಅವ್ರಿಗೇನು ಹೇಳ್ಲಿ?

ಉತ್ತರ: ಎರಡು ದಿನದಲ್ಲಿ ಖಂಡಿತ ಕಲೀಬೋದು. ಕಲೀಬೋದು ಅಂದ್ರೆ ಏನು ಅಂತ ಮೊದ್ಲೇ ಹೇಳ್ಬಿಡ್ತೀನಿ: ದಾರನ ಮೂವತ್ತು ಅಡಿ ದೂರಕ್ಕೆ ನೇರವಾಗಿ ಎಸೆಯೋದು, ಒಂದು ಗಂಟು ಸರಿಯಾಗಿ ಹಾಕೋದು, ಸಿಕ್ಕಿದ ಒಂದು ಮೀನನ್ನ ನೋವಾಗದ ಹಾಗೆ ಬಿಡಿಸೋದು, ಇಷ್ಟು ಬಂದ್ರೆ ಮಗಳು ಮುಂದೆ ತಾನೇ ದಾರಿ ಹುಡುಕ್ಕೊಳ್ತಾಳೆ. ಆದ್ರೆ ಇದು ಆಗ್ಬೇಕಾದ್ರೆ ಶನಿವಾರ ಪೂರ್ತಿ ನೀರಿನ ಹತ್ರನೇ ಹೋಗ್ಬಾರ್ದು. ನಾನು ಇಪ್ಪತ್ತು ವರ್ಷದ ಮೇಲಿಂದ ನಮ್ಮ ಕಡೆ ಜನಕ್ಕೆ ಇದನ್ನ ಹೇಳ್ಕೊಡ್ತಾ ಇದೀನಿ, ಬೇಜಾರಾಗಿ ಬಿಟ್ಟೋದವ್ರು ಹೆಚ್ಚುಕಮ್ಮಿ ಎಲ್ರೂ ಮೊದಲನೇ ದಿನನೇ ಕೆರೆ ಏರಿ ಮೇಲೆ ನಿಂತು ಶುರು ಮಾಡಿದವ್ರು. ನೀರು ಕಂಡ ತಕ್ಷಣ ಕಣ್ಣು ಮೀನಿನ ಮೇಲೆ ಹೋಗುತ್ತೆ, ಕೈ ಮೇಲೆ ಇರಲ್ಲ, ದಾರ ಹಿಂದಿನ ಜಾಲಿ ಗಿಡಕ್ಕೆ ಸಿಕ್ಕೊಳ್ಳುತ್ತೆ, ಮಕ್ಕಳು ಅಳ್ತಾರೆ, ಅಲ್ಲಿಗೆ ಮುಗೀತು.

ಮೊದ್ಲು ನಿಮ್ಮ ಮಾವನ ಪ್ರಶ್ನೆ ತಗೋತೀನಿ, ಯಾಕಂದ್ರೆ ಎಲ್ಲಾ ಅದ್ರಲ್ಲೇ ಇದೆ. ಅವ್ರು ಹಾಕೋ ಗಾಳದಲ್ಲಿ ದೂರಕ್ಕೆ ಹೋಗೋದು ಹುಳದ ತೂಕ, ಇಲ್ಲಾ ಸೀಸದ ಗುಂಡಿನ ತೂಕ, ಆ ತೂಕ ದಾರನ ಎಳ್ಕೊಂಡು ಹೋಗುತ್ತೆ. ಫ್ಲೈ ಅನ್ನೋದು ಕೊಕ್ಕೆಗೆ ಸುತ್ತಿದ ಒಂದು ಚೂರು ಗರಿ, ಉಲ್ಲನ್, ಅಷ್ಟೇ, ಊದಿದ್ರೆ ಹಾರೋಗುತ್ತೆ, ಅದನ್ನ ಎಸೆಯೋಕಾಗಲ್ಲ. ಅದಕ್ಕೇ ಇಲ್ಲಿ ತೂಕ ಇರೋದು ದಾರಕ್ಕೆ. ಫ್ಲೈ ಲೈನ್ ಅಂತ ದಪ್ಪಗೆ, ಪ್ಲಾಸ್ಟಿಕ್ ಲೇಪನ ಇರೋ ದಾರ ಬರುತ್ತೆ. 5ನೇ ನಂಬರ್ ದಾರದ ಮೊದಲ 30 ಅಡಿ ತೂಗಿದ್ರೆ ಸುಮಾರು 9 ಗ್ರಾಂ, 6ನೇ ನಂಬರಾದ್ರೆ 10 ಗ್ರಾಂ ಚಿಲ್ರೆ. ಆ ತೂಕ ಗಾಳಿಲಿ ಹಿಂದಕ್ಕೆ ಹೋಗಿ ಕೋಲನ್ನ ಬಿಲ್ಲಿನ ಹಾಗೆ ಬಗ್ಗಿಸುತ್ತೆ, ಬಗ್ಗಿದ ಕೋಲು ದಾರನ ಮುಂದಕ್ಕೆ ಕಳಿಸುತ್ತೆ, ದಾರ ಬಿಚ್ಕೊಳ್ತಾ ಹೋಗಿ ಕೊನೇಲಿ ಗರಿ ಮೆಲ್ಲಗೆ ನೀರಿಗೆ ಇಳಿಯುತ್ತೆ. ಇನ್ನು ಮೀನು ಬೀಳೋ ವಿಷ್ಯ. ಮೀನು ದಿನಾ ತಿನ್ನೋದು ಎರೆಹುಳ ಒಂದನ್ನೇ ಅಲ್ವಲ್ಲ, ನೀರಿಗೆ ಬಿದ್ದ ಮಿಡತೆ, ಇರುವೆ, ಸೊಳ್ಳೆ ಮರಿ, ಚಿಕ್ಕ ಚಿಕ್ಕ ಮೀನು ಎಲ್ಲಾ ತಿನ್ನುತ್ತೆ, ಅದರ ಹಾಗೆ ಕಾಣೋದೊಂದು ಅದರ ಹಾಗೇ ಆಡಿದ್ರೆ ಬಾಯಿ ಹಾಕುತ್ತೆ. ವಾಸನೆ ಇಲ್ಲ, ರುಚಿ ಇಲ್ಲ, ಹಾಗಾಗಿ ತಕ್ಷಣ ಉಗುಳುತ್ತೆ ಕೂಡ, ಅಷ್ಟರೊಳಗೆ ನೀವು ದಾರ ಎಳೀಬೇಕು. ಮಾವನಿಗೆ ಈ ಕೊನೇ ಮಾತು ಹೇಳಿ, ಅವ್ರಿಗೆ ಆಸಕ್ತಿ ಬರುತ್ತೆ.

ಶನಿವಾರ ಬೆಳಿಗ್ಗೆ ಆರೂವರೆಗೆ ಒಂದು ಹುಲ್ಲಿನ ಮೈದಾನಕ್ಕೆ ಹೋಗಿ. ಊರ ಸ್ಕೂಲಿನ ಗ್ರೌಂಡ್ ಆದ್ರೂ ಆಗುತ್ತೆ, ಹೆಡ್ ಮಾಸ್ಟರಿಗೆ ಒಂದು ಮಾತು ಕೇಳ್ಕೊಂಡ್ರೆ ಸಾಕು. ಕೊಯ್ಲಾದ ಗದ್ದೆ ಬೇಡ, ಭತ್ತದ ಕೂಳೆಗೆ ದಾರ ಸಿಕ್ಕೊಂಡು ಲೇಪನ ಕಿತ್ತೋಗುತ್ತೆ, ಸಿಮೆಂಟು ಟಾರು ಅಂತೂ ಬೇಡ್ವೇ ಬೇಡ. ದಾರದ ತುದಿಗೆ ಒಂಬತ್ತು ಅಡಿ ತೆಳು ನೈಲಾನ್ ಇರುತ್ತೆ, ಲೀಡರ್ ಅಂತಾರೆ, ಅದರ ಕೊನೆಗೆ ಕೊಕ್ಕೆ ಬದ್ಲು ಒಂದು ಇಂಚು ಕೆಂಪು ಉಲ್ಲನ್ ದಾರ ಕಟ್ಟಿ. ಮುಂದೆ ಇಪ್ಪತ್ತೈದು ಅಡಿ ದಾರನ ಹುಲ್ಲಿನ ಮೇಲೆ ನೇರವಾಗಿ ಹಾಸಿ, ಕೋಲಿನ ತುದಿ ನೆಲಕ್ಕೆ ತಾಗೋ ಅಷ್ಟು ಕೆಳಗಿರ್ಲಿ, ದಾರದಲ್ಲಿ ಸಡಿಲ ಇರ್ಬಾರ್ದು. ಈಗ ನಿಧಾನವಾಗಿ ಎತ್ತೋಕೆ ಶುರು ಮಾಡಿ, ಎತ್ತುತ್ತಾ ವೇಗ ಹೆಚ್ಚಿಸ್ತಾ ಬನ್ನಿ, ಕೋಲು ನೆಟ್ಟಗಾಗಿ ಒಂದು ಚೂರು ಹಿಂದಕ್ಕೆ ದಾಟಿದ ತಕ್ಷಣ ಗಕ್ಕನೆ ನಿಲ್ಸಿ. ಹಬ್ಬಕ್ಕೆ ಸುಣ್ಣ ಬಳಿಯೋವಾಗ ಕುಂಚ ಕೊಡವಿ ಹಿಂದಿನ ಗೋಡೆಗೆ ಸುಣ್ಣ ಎರಚಿದ್ರೆ ಕೈ ಹೆಂಗೆ ನಿಲ್ಲುತ್ತೋ ಹಂಗೆ. ಆಮೇಲೆ ಕಾಯ್ಬೇಕು. ಹಿಂದೆ ದಾರ ಪೂರ್ತಿ ಬಿಚ್ಕೊಂಡು ನೆಟ್ಟಗಾಗೋವರ್ಗೂ ಕೈ ಅಲ್ಲಾಡ್ಬಾರ್ದು. ಬಿಚ್ಕೊಂಡ ಮೇಲೆ ಮುಂದಕ್ಕೆ ಅದೇ ತರ, ನಿಧಾನವಾಗಿ ಶುರು, ವೇಗ, ಗಕ್ಕನೆ ನಿಲ್ಲಿಸೋದು.

ಈ ಕಾಯೋದೇ ಇಡೀ ವಿದ್ಯೆ. ನಾನು ಮಕ್ಕಳಿಗೆ ಒಂದು ಲೆಕ್ಕ ಹೇಳ್ಕೊಡ್ತೀನಿ, "ಕಾ—ವೇ—ರಿ" ಅಂತ ಜೋರಾಗಿ ಹೇಳ್ಕೊಂಡೇ ಎಸೀರಿ. ಕಾ ಅನ್ನೋವಾಗ ಹಿಂದಕ್ಕೆ ಎತ್ತೋದು, ವೇ ಅಂತ ರಾಗ ಎಳೆಯೋವಷ್ಟು ಹೊತ್ತೂ ಕಾಯೋದು, ರಿ ಅಂದಾಗ ಮುಂದಕ್ಕೆ. ದಾರ ಉದ್ದ ಬಿಟ್ಟಷ್ಟೂ "ವೇ" ಉದ್ದ ಆಗ್ಬೇಕು. ಕಾಯದೆ ಮುಂದಕ್ಕೆ ತಂದ್ರೆ ಹಿಂದಗಡೆ ಎತ್ತಿನ ಗಾಡಿ ಚಾಟಿ ತರ ಪಟೀರ್ ಅಂತ ಸದ್ದಾಗುತ್ತೆ, ಆ ಸದ್ದು ಬಂದ್ರೆ ಅವಸರ ಆಯ್ತು ಅಂತ ಅರ್ಥ, ನೋಡಿದ್ರೆ ಕೆಂಪು ಉಲ್ಲನ್ ಕಿತ್ತೋಗಿರುತ್ತೆ, ನೀರಿನ ಹತ್ರ ಆಗಿದ್ರೆ ಅದೇ ಫ್ಲೈ ಹೋಗಿರ್ತಿತ್ತು. ತಲೆ ತಿರುಗಿಸಿ ಹಿಂದೆ ನೋಡ್ಕೊಂಡು ಎಸೆದ್ರೂ ತಪ್ಪಿಲ್ಲ, ಮೊದಲ ಒಂದು ಗಂಟೆ ನೋಡ್ಕೊಂಡೇ ಎಸೀಲಿ. ಇನ್ನೊಂದು ತಪ್ಪು ಮಣಿಕಟ್ಟು ಬಗ್ಗಿಸೋದು. ದೊಡ್ಡವ್ರೇ ಜಾಸ್ತಿ ಮಾಡೋದು ಇದನ್ನ, ಶಟಲ್ ಆಡಿ ಅಭ್ಯಾಸ ಇರೋವ್ರಿಗಂತೂ ಬಿಡೋದು ಕಷ್ಟ. ಒಂದು ಕರ್ಚೀಫಲ್ಲಿ ಕೋಲಿನ ಹಿಡಿಯ ಬುಡನ ಮುಂಗೈಗೆ ಸಡಿಲವಾಗಿ ಕಟ್ಬಿಡಿ, ಹತ್ತು ನಿಮಿಷದಲ್ಲಿ ತೋಳಿನಿಂದ ಎಸೆಯೋದು ತಾನಾಗೇ ಬರುತ್ತೆ.

ಹದ ಸಿಕ್ಕಿದ್ದು ಹೆಂಗೆ ಗೊತ್ತಾಗುತ್ತೆ ಅಂತ ಎಲ್ರೂ ಕೇಳ್ತಾರೆ. ಕೈಗೇ ಗೊತ್ತಾಗುತ್ತೆ. ಹಿಂದೆ ದಾರ ಬಿಚ್ಕೊಂಡ ಕ್ಷಣದಲ್ಲಿ ಯಾರೋ ಹಿಂದಿನಿಂದ ಕೋಲಿನ ತುದಿನ ಮೆತ್ತಗೆ ಎಳೆದ ಹಾಗೆ ಹೆಬ್ಬೆರಳ ಕೆಳಗೆ ಒಂದು ಜಗ್ಗು ಸಿಗುತ್ತೆ, ಅದು ಸಿಕ್ಕಿದಾಗ ಮುಂದಕ್ಕೆ ತಂದ್ರೆ ಬಲನೇ ಬೇಡ. ಮೊದಲನೇ ಸಲ ಅದು ಸಿಕ್ಕಾಗ ಮಕ್ಕಳ ಮುಖ ನೋಡ್ಬೇಕು ನೀವು.

ಹನ್ನೆರಡು ವರ್ಷದ ಮಗಳು ನಿಮ್ಮಿಬ್ಬರಿಗಿಂತ ಮುಂಚೆ ಕಲೀತಾಳೆ, ಅವಳ ಕೈಲಿ ಬಲ ಇಲ್ಲ, ಅದೇ ಅನುಕೂಲ. ಏಳು ವರ್ಷದವನಿಗೆ ಒಂಬತ್ತು ಅಡಿ ಕೋಲು, ರೀಲು ಎಲ್ಲಾ ಭಾರ, ಕಾಲು ಗಂಟೆಗೆ ಕೈ ನೋಯುತ್ತೆ. ಅವನಿಗೆ ಮಾವನ ಬಿದಿರು ಗಾಳದ ಕೋಲೇ ಕೊಡಿ, ತೆಳ್ಳಗೆ ಬಳುಕೋ ಅಂಥದ್ದು, ಅದರ ತುದಿಗೆ ಕೋಲಿನಷ್ಟೇ ಉದ್ದದ ದಾರ, ದಾರದ ತುದಿಗೆ ಫ್ಲೈ. ಇದು ಮಗು ಸಮಾಧಾನಕ್ಕೆ ಮಾಡೋ ಆಟ ಅಂತ ಅಂದ್ಕೋಬೇಡಿ, ಜಪಾನಿನ ಬೆಟ್ಟದ ಹಳ್ಳಗಳಲ್ಲಿ ತೆಂಕಾರ ಅಂತ ನೂರಾರು ವರ್ಷದಿಂದ ರೀಲಿಲ್ದೆ ಹೀಗೇ ಫ್ಲೈ ಫಿಶಿಂಗ್ ಮಾಡ್ತಾರೆ. ಭಾನುವಾರ ಮೊದಲ ಮೀನು ಅವನಿಗೇ ಸಿಕ್ಕಿದ್ರೆ ಆಶ್ಚರ್ಯ ಪಡ್ಬೇಡಿ.

ಮಧ್ಯಾಹ್ನ ಬಿಸಿಲಲ್ಲಿ ಎಸೆಯೋದು ಬೇಡ, ಮನೇಲಿ ಕೂತು ಫ್ಲೈ ಕಟ್ಟಿ. ಕೋಳಿ ಅಂಗಡಿಲಿ ನಾಟಿ ಹುಂಜದ ಕತ್ತಿನ ಗರಿ ಕೇಳಿ ಇಸ್ಕೊಳ್ಳಿ, ಸುಮ್ನೆ ಕೊಡ್ತಾರೆ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. 10ನೇ ನಂಬರಿನ ಕೊಕ್ಕೆ, ಟೈಲರ್ ದಾರ, ಕಪ್ಪು ಉಲ್ಲನ್. ಕೊಕ್ಕೆ ಬೆನ್ನಿಗೆ ದಾರ ಸುತ್ತಿ, ಉಲ್ಲನ್ ಸುತ್ತಿ, ಅದರ ಮೇಲೆ ಗರಿನ ನಾಲ್ಕೈದು ಸುತ್ತು ಹಾಕಿ ಕೊನೆಗೆ ಗಂಟು ಹಾಕಿ ಒಂದು ಹನಿ ನೇಲ್ ಪಾಲಿಶ್. ಗರಿಯ ಎಳೆ ಎಲ್ಲಾ ಕಾಲು ತರ ನಿಲ್ಲುತ್ತೆ, ನೀರಲ್ಲಿ ಉಸಿರಾಡೋ ಹಾಗೆ ಅಲ್ಲಾಡುತ್ತೆ. ಇನ್ನೊಂದು ನಮ್ಮ ಕಡೆಗೇ ಅಂತ ನಾನು ಕಟ್ಟೋದು ಪುರಿ ಫ್ಲೈ. ಬಿಳಿ ಫೋಮ್‌ನ ಕಡ್ಲೆಪುರಿ ಅಳತೆಗೆ ಕತ್ತರಿಸಿ ಕೊಕ್ಕೆಗೆ ಕಟ್ಟೋದು ಅಷ್ಟೇ. ನಮ್ಮ ಜನ ದೇವಸ್ಥಾನದ ಮೀನಿಗೆಲ್ಲ ಪುರಿ ಹಾಕೋದು ನೋಡಿದ್ದೀರಲ್ಲ, ಅದೇ ಯೋಚನೆ, ಕೊಳದಲ್ಲಿ ಒಂದು ಹಿಡಿ ಪುರಿ ಎರಚಿ, ಮೀನು ಮೇಲೆ ಬಂದು ಬಾಯಿ ಹಾಕೋಕೆ ಶುರು ಮಾಡಿದ ಮೇಲೆ ಮಧ್ಯಕ್ಕೆ ಈ ಸುಳ್ಳು ಪುರಿ ಇಳಿಸೋದು. ದೇವಸ್ಥಾನದ ಮೀನಿಗೆ ಮಾತ್ರ ಇದನ್ನ ಹಾಕೋ ಯೋಚನೆನೂ ಮಾಡ್ಬೇಡಿ.

ಗಂಟು ಒಂದೇ ಸಾಕು. ಕೊಕ್ಕೆ ಕಣ್ಣಲ್ಲಿ ದಾರ ತೂರಿಸಿ, ತುದಿನ ಮೂಲ ದಾರಕ್ಕೆ ಐದು ಸಲ ಸುತ್ತಿ, ಕಣ್ಣಿನ ಪಕ್ಕ ಆಗಿರೋ ಚಿಕ್ಕ ಕುಣಿಕೆಯೊಳಗೆ ತುದಿ ಹಾಕಿ, ಆಮೇಲೆ ಈಗ ಆದ ದೊಡ್ಡ ಕುಣಿಕೆಲೂ ಹಾಕಿ, ಬಾಯಲ್ಲಿ ಒದ್ದೆ ಮಾಡಿ ನಿಧಾನಕ್ಕೆ ಬಿಗೀರಿ. ಒಣ ದಾರ ಬಿಗಿದ್ರೆ ಉಜ್ಜಿ ಬಿಸಿಯಾಗಿ ಅಲ್ಲೇ ಸೋಲುತ್ತೆ.

ಈಗ ಎಲ್ಲಿಗೆ ಅನ್ನೋದು. ಭೀಮೇಶ್ವರಿ ಬೇಡ. ಮಳವಳ್ಳಿ ತಾಲ್ಲೂಕಿನ ಆ ಜಾಗ ಒಂದು ಕಾಲದಲ್ಲಿ ಮಶೀರ್ ಮೀನು ಹಿಡಿಯೋಕೆ ಅಂತ ದೇಶ ವಿದೇಶದಿಂದ ಜನ ಬರ್ತಿದ್ದ ಜಾಗನೇ, ಹಿಡಿದು ತೂಕ ನೋಡಿ ವಾಪಸ್ ಬಿಡೋರು, ಆದ್ರೆ ಅದು ಕಾವೇರಿ ವನ್ಯಜೀವಿಧಾಮದ ಒಳಗೆ ಬರುತ್ತೆ, ಅಲ್ಲಿ ಗಾಳ ಹಾಕೋದು ನಿಂತು ವರ್ಷಗಳೇ ಆದ್ವು. ಈಗ ಹೋದ್ರೆ ಕಾಡು, ದೋಣಿ, ಅದೂ ಚೆನ್ನಾಗಿದೆ, ಮೀನಿನ ಆಸೆ ಇಟ್ಕೊಂಡು ಹೋಗ್ಬೇಡಿ. ನಮ್ಮ ಕಾವೇರಿಯ ದೊಡ್ಡ ಮಶೀರನ್ನ, ಕಿತ್ತಳೆ ಬಾಲದ ಆ ಡುಬ್ಬದ ಬಿಳಿಮೀನನ್ನ, 2018ರಲ್ಲಿ ಅಳಿವಿನ ಅಂಚಿನ ಪ್ರಭೇದ ಅಂತ ಜಾಗತಿಕ ಕೆಂಪು ಪಟ್ಟಿಗೆ ಸೇರಿಸಿದ್ರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವ್ರು, ಹುಲಿ ಚಿರತೆ ಚರ್ಮಕ್ಕೆ ಜೀವ ಬಂದ ಹಾಗೆ ತುಂಬ್ತಿದ್ರಲ್ಲ ಅವ್ರೇ, ಅವರಲ್ಲಿ ಡಿವೆಟ್ ವ್ಯಾನ್ ಇಂಗೆನ್ ಕಬಿನಿಲಿ 120 ಪೌಂಡಿನ ಮಶೀರ್ ಹಿಡಿದಿದ್ರು, ಅಂದ್ರೆ 54 ಕೆಜಿ, ಒಬ್ಬ ಆಳಿನ ತೂಕ. ಅಂಥ ಮೀನು ಇದ್ದ ಹೊಳೆ ನಮ್ಮದು. ಮಗಳಿಗೆ ಈ ಕಥೆ ಹೇಳಿ, ಯಾಕೆ ಈಗ ಆ ಮೀನಿನ ತಂಟೆಗೆ ಹೋಗ್ಬಾರ್ದು ಅನ್ನೋದು ತಿಳಿಯೋ ವಯಸ್ಸು ಅವಳದ್ದು.

ಶ್ರೀರಂಗಪಟ್ಟಣದ ಸುತ್ತ ಹೊಳೆಗೂ ಬೇಡ. ರಂಗನತಿಟ್ಟು 1940ರಿಂದ ಪಕ್ಷಿಧಾಮ, ಅಲ್ಲಿ ಪ್ರಶ್ನೆನೇ ಇಲ್ಲ. ಅದರ ಆಚೆ ಈಚೆ ಕೂಡ ಮೊಸಳೆ ಇದಾವೆ. ವಿಡಿಯೋಗಳಲ್ಲಿ ಸೊಂಟದ ತನಕ ನೀರಲ್ಲಿ ನಿಂತು ಎಸೀತಾರಲ್ಲ, ಅದು ತಣ್ಣೀರಿನ ದೇಶದ ಪದ್ಧತಿ, ಕಾವೇರಿಲಿ ಮೊಣಕಾಲಿನ ತನಕನೂ ಇಳೀಬಾರ್ದು. ಜೊತೆಗೆ ಕಟ್ಟೆಯಿಂದ ನೀರು ಬಿಟ್ರೆ ನಿಂತಿದ್ದ ಬಂಡೆ ನೋಡ್ನೋಡ್ತಾ ಮುಳುಗುತ್ತೆ. ವಿ.ಸಿ. ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ, ಮಾವನಿಗೆ ಪರಿಚಯ ಇರ್ಬೋದು, ಮಕ್ಕಳ ಜೊತೆ ಬೇಡ, ಪಾಚಿ ಹಿಡಿದ ಇಳಿಜಾರಲ್ಲಿ ಜಾರಿದ್ರೆ ಹತ್ತೋಕೆ ಹಿಡಿತ ಸಿಗಲ್ಲ. ಮೈಸೂರಿನ ಕುಕ್ಕರಹಳ್ಳಿ, ಕಾರಂಜಿ ಕೆರೆಗಳು ಹಕ್ಕಿಗಳ ಜಾಗ, ಅಲ್ಲಿಗೆ ಕೋಲು ತಗೊಂಡು ಹೋಗೋದೇ ತಪ್ಪು, ಬಿಟ್ಟುಬಂದ ಒಂದು ಮಾರು ನೈಲಾನ್ ದಾರ ನೀರುಕಾಗೆ ಕಾಲಿಗೆ ಸುತ್ಕೊಂಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ.

ನಿಮಗೆ ಬೇಕಾಗಿರೋದು ಯಾರಾದ್ರೂ ಮೀನು ಸಾಕೋ ರೈತರ ಮಣ್ಣಿನ ಕೊಳ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ ಕಡೆ ನಾಲೆ ನೀರಿರೋ ಊರುಗಳಲ್ಲಿ ವಿಚಾರಿಸಿ, ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಆಫೀಸಲ್ಲೂ ಕೇಳ್ಬೋದು. ಮಾಲೀಕರ ಜೊತೆ ಮೊದ್ಲೇ ಮಾತಾಡ್ಕೊಳ್ಳಿ, ತಗೊಂಡೋಗೋ ಮೀನಿಗೆ ಕೆಜಿ ಲೆಕ್ಕದಲ್ಲಿ ದುಡ್ಡು, ಉಳಿದದ್ದು ವಾಪಸ್ಸು. ಊರ ಕೆರೆಗಳನ್ನ ಮೀನು ಹಿಡಿಯೋಕೆ ಗುತ್ತಿಗೆಗೆ ಕೊಟ್ಟಿರ್ತಾರೆ, ಗುತ್ತಿಗೆದಾರರನ್ನ ಕೇಳದೆ ಗಾಳ ಹಾಕಿದ್ರೆ ಅದು ಅವ್ರ ಅನ್ನಕ್ಕೆ ಕೈ ಹಾಕಿದ ಹಾಗೆ. ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಪ್ಲಾಸ್ಟಿಕ್ ಶೀಟ್ ಹಾಸಿರೋ ಕೃಷಿ ಹೊಂಡಕ್ಕೆ ಮಾತ್ರ ಯಾವ ಕಾರಣಕ್ಕೂ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ. ಒದ್ದೆ ಶೀಟ್ ಮೇಲೆ ಈಜು ಬರೋ ದೊಡ್ಡವ್ರಿಗೂ ಮೇಲೆ ಹತ್ತೋಕಾಗಲ್ಲ. ದಡ ಮೆಲ್ಲಗೆ ಇಳಿದಿರೋ ಮಣ್ಣಿನ ಕೊಳ ಇರ್ಬೇಕು, ಚಿಕ್ಕವನಿಗೆ ಲೈಫ್ ಜಾಕೆಟ್ ಹಾಕಿರ್ಬೇಕು, ದೊಡ್ಡವ್ರಲ್ಲಿ ಒಬ್ರು ಕೋಲೇ ಮುಟ್ಟದೆ ಅವನ್ನ ನೋಡ್ಕೊಳ್ತಿರ್ಬೇಕು.

ಕೊಳದಲ್ಲಿ ನಿಮಗೆ ಒಳ್ಳೆ ಗುರು ಜಿಲೇಬಿ ಮೀನು, ತಿಲಾಪಿಯಾ. ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದಿದ್ದು, ಈಗ ಎಲ್ಲಾ ಕೆರೆಲೂ ಅದೇ. ದಡದ ಹತ್ರ ತಟ್ಟೆ ಅಗಲದ ಗುಂಡಿ ಗುಂಡಿ ಕಾಣ್ತವಲ್ಲ, ಅದು ಗಂಡು ಜಿಲೇಬಿ ಬಾಯಲ್ಲಿ ಮಣ್ಣು ಎತ್ತಿ ಮಾಡ್ಕೊಂಡ ಗೂಡು, ಅಲ್ಲೇ ಕಾವಲು ಇರುತ್ತೆ. ಕಪ್ಪು ಫ್ಲೈನ ಗೂಡಿನ ಆಚೆಗೆ ಇಳಿಸಿ, ಮುಳುಗೋಕೆ ಬಿಟ್ಟು, ಎಡಗೈಲಿ ದಾರನ ಗೇಣು ಗೇಣು ಎಳ್ಕೊಂಡು ಬನ್ನಿ. ಬಲಗೈ ತೋರುಬೆರಳು ಯಾವಾಗ್ಲೂ ದಾರದ ಮೇಲೇ ಇರ್ಬೇಕು. ಟಕ್ ಅಂದ್ರೆ ಕೋಲು ಎತ್ತಿ ಜಗ್ಗಬೇಡಿ, ಮಾವನ ಕೈಗೆ ಆ ಅಭ್ಯಾಸ ಇರುತ್ತೆ, ಅವ್ರಿಗೂ ಹೇಳಿ, ಎಡಗೈಲಿ ದಾರನೇ ಉದ್ದಕ್ಕೆ ಎಳೀಬೇಕು. ತಪ್ಪಿದ್ರೂ ಫ್ಲೈ ಅಲ್ಲೇ ಇರುತ್ತೆ, ಮತ್ತೆ ಬಂದು ಕಚ್ಚುತ್ತೆ. ಪುರಿ ಫ್ಲೈಗೆ ಬರೋದು ಗೆಂಡೆ, ಹುಲ್ಲುಗೆಂಡೆ, ಕೆಲವು ಸಲ ಕಾಟ್ಲಾ, ಅವು ಬಾಯಿ ಮುಚ್ಚಿ ತಿರುಗೋ ತನಕ ತಡೀಬೇಕು, ಬಾಯಿ ತೆರೆದಿದ್ದನ್ನ ನೋಡಿ ಎಳೆದ್ರೆ ಬರೀ ಫ್ಲೈ ಬರುತ್ತೆ.

ಮೀನು ಮುಟ್ಟೋ ಮುಂಚೆ ಕೈ ಒದ್ದೆ ಮಾಡ್ಕೊಳ್ಳಿ, ಒಣ ಕೈಗೆ ಅದರ ಮೈ ಲೋಳೆ ಬಂದ್ಬಿಟ್ರೆ ಬಿಟ್ಟ ಮೇಲೂ ರೋಗ ಬಂದು ಸಾಯ್ಬೋದು. ಜಿಲೇಬಿ ಬೆನ್ನಿನ ಮುಳ್ಳು ಚುಚ್ಚುತ್ತೆ, ತಲೆ ಕಡೆಯಿಂದ ಬಾಲದ ಕಡೆಗೆ ಸವರಿ ಮುಳ್ಳು ಮಲಗಿಸಿ ಹಿಡೀರಿ. ಮಾಲೀಕರು ಒಪ್ಪಿದ್ರೆ ಜಿಲೇಬಿನ ವಾಪಸ್ ಬಿಡೋಕಿಂತ ಮನೆಗೆ ತಂದು ಖಾರ, ಉಪ್ಪು, ನಿಂಬೆಹುಳಿ ಹಚ್ಚಿ ರವೆಲಿ ಹೊರಳಿಸಿ ಕರೀರಿ. ಬೇರೆ ಕೆರೆಗೆ ಮಾತ್ರ ತಗೊಂಡೋಗಿ ಬಿಡ್ಬೇಡಿ, ನಾಡಮೀನುಗಳ ಜಾಗನೆಲ್ಲ ಅದೇ ಹಿಡ್ಕೊಳ್ಳುತ್ತೆ.

ಕೊಕ್ಕೆ ವಿಷ್ಯ ನನಗೆ ಮನಸ್ಸಿಗೆ ಹತ್ತಿರದ್ದು. ನಮ್ಮಕ್ಕನ ಮಗ ಹತ್ತು ವರ್ಷದವನಿದ್ದಾಗ ನನ್ನ ಪಕ್ಕದಲ್ಲೇ ನಿಂತಿದ್ದ, ಬಲಗಡೆಯಿಂದ ಗಾಳಿ, ನಾನು ಗಮನಿಸಲಿಲ್ಲ, ಎಸೆದ ದಾರ ಗಾಳಿಗೆ ಒಳಕ್ಕೆ ಬಂದು ಕೊಕ್ಕೆ ಅವನ ಕಿವಿಗೆ ನೆಟ್ಕೊಂಡ್ತು. ಕೊಕ್ಕೆ ತುದಿ ಹತ್ರ ಹಿಂದಕ್ಕೆ ತಿರುಗಿರೋ ಹಿಮ್ಮುಳ್ಳನ್ನ ನಾನು ಮೊದ್ಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ್ದೆ, ಹಾಗಾಗಿ ಹಿಂದಕ್ಕೆ ಎಳೆದ ತಕ್ಷಣ ಬಂತು, ಒಂದು ಹನಿ ರಕ್ತ, ಅಷ್ಟೇ. ಹಿಮ್ಮುಳ್ಳು ಇದ್ದಿದ್ರೆ ಆಸ್ಪತ್ರೇಲಿ ಕುಯ್ದು ತೆಗೀಬೇಕಾಗ್ತಿತ್ತು. ಎರಡು ಇಂಚು ಆಚೆ ಬಂದಿದ್ರೆ ಕಣ್ಣು. ಅವತ್ತಿಂದ ನನ್ನ ಜೊತೆ ಬರೋರು ಯಾರೇ ಆಗ್ಲಿ, ದಡದಲ್ಲಿ ಸುಮ್ನೆ ಕೂತಿರೋರೂ ಸೇರಿ, ಕನ್ನಡಕ ಮತ್ತೆ ಟೋಪಿ ಇಲ್ದೆ ಕೋಲು ಬಿಚ್ಚಲ್ಲ. ಬಲಗೈಯವ್ರಿಗೆ ಗಾಳಿ ಎಡಗಡೆಯಿಂದ ಬರೋ ಹಾಗೆ ನಿಂತ್ಕೋಬೇಕು, ಎಸೆಯೋರ ಹಿಂದೆ ಐವತ್ತು ಅಡಿ ಯಾರೂ ಓಡಾಡ್ಬಾರ್ದು. ಕೊಕ್ಕೆಗಳ ಹಿಮ್ಮುಳ್ಳು ಶನಿವಾರ ಫ್ಲೈ ಕಟ್ಟೋಕೆ ಮುಂಚೆನೇ ಒತ್ತಿಬಿಡಿ, ಮೀನಿಗೂ ಅದೇ ಒಳ್ಳೇದು.

ಸಾಮಾನು ಜಾಸ್ತಿ ಬೇಡ. ನಾಲ್ಕು ಕೋಲು ತಗೋಬೇಡಿ, ಎಲ್ರೂ ಸೇರಿ ಒಂದೇ ಸಾಕು, ಒಬ್ರು ಎಸೆಯೋವಾಗ ಇನ್ನೊಬ್ರು ನೋಡಿದ್ರೆ ಅರ್ಧ ಕಲಿಕೆ ಅದ್ರಲ್ಲೇ ಆಗುತ್ತೆ. ಒಂಬತ್ತು ಅಡಿ, 6ನೇ ನಂಬರ್ ಕೋಲು, ಅದೇ ನಂಬರಿನ ತೇಲೋ ದಾರ, ಡಬ್ಬದ ಮೇಲೆ ಡಬ್ಲ್ಯುಎಫ್6ಎಫ್ ಅಂತ ಬರೆದಿರುತ್ತೆ. ದುಡ್ಡು ಉಳಿಸ್ಬೇಕಾದ್ರೆ ರೀಲಲ್ಲಿ ಉಳಿಸಿ, ಈ ಮೀನಿಗೆ ರೀಲು ಅಂದ್ರೆ ದಾರ ಸುತ್ತಿಡೋ ಡಬ್ಬಿ ಅಷ್ಟೇ. ದಾರದಲ್ಲಿ ಮಾತ್ರ ಕಂಜೂಸ್ ಆಗ್ಬೇಡಿ.

ಕಾಲ ಅಂದ್ರೆ ನವೆಂಬರಿಂದ ಫೆಬ್ರವರಿ ಬೆಳಿಗ್ಗೆಗಳು ಚೆನ್ನ, ಗಾಳಿ ಇರಲ್ಲ. ಆಷಾಢದ ಗಾಳಿಲಿ ಕಲಿಯೋಕೆ ಹೋಗ್ಬೇಡಿ. ಟ್ರೌಟ್ ಮೀನಿಗೆ ಹಿಮಾಚಲದ ತೀರ್ಥನ್ ನದಿ ಕಡೆ ಹೋಗೋ ಆಸೆ ಮಗಳಿಗೆ ಮುಂದೆ ಬಂದೇ ಬರುತ್ತೆ, ಅಲ್ಲಿ ಮೀನುಗಾರಿಕೆ ಇಲಾಖೆ ಲೈಸೆನ್ಸ್ ತಗೋಬೇಕು, ನವೆಂಬರಿಂದ ಫೆಬ್ರವರಿ ಕೊನೆ ತನಕ ಮೀನು ಮೊಟ್ಟೆ ಇಡೋ ಕಾಲ ಅಂತ ಮುಚ್ಚಿರ್ತಾರೆ, ಬೇಸಿಗೆ ರಜೆಗೆ ಸರಿಹೋಗುತ್ತೆ. ಅದು ಆಮೇಲಿನ ಮಾತು.

ಭಾನುವಾರ ಕೊಳದ ಹತ್ರ ಹೋದ ತಕ್ಷಣ ಕೋಲು ಬಿಚ್ಚಬೇಡಿ, ಹತ್ತು ನಿಮಿಷ ಮಾವನ್ನ ಮುಂದೆ ಬಿಟ್ಟು ಎಲ್ರೂ ಹಿಂದೆ ನಡೀರಿ. ಮೀನು ಎಲ್ಲಿ ಗುಳ್ಳೆ ಬಿಡ್ತಿದೆ, ನೆರಳು ಯಾವ ಕಡೆ, ನೀರು ಎಲ್ಲಿಂದ ಒಳಗೆ ಬರ್ತಿದೆ, ಇದೆಲ್ಲ ಐವತ್ತು ವರ್ಷ ಗಾಳ ಹಾಕಿದ ಕಣ್ಣಿಗೆ ಕಂಡ ಹಾಗೆ ನನಗೂ ಕಾಣಲ್ಲ. ಅವ್ರು ಕೈ ತೋರಿಸಿದ ಕಡೆ ಮಗಳು ಎಸೀಲಿ. ಕೊಳ ಗೊತ್ತಾದ ಮೇಲೆ ದಡ ಯಾವ ದಿಕ್ಕಿಗಿದೆ, ಹಿಂದೆ ಮರ, ಕರೆಂಟ್ ತಂತಿ ಏನಾದ್ರೂ ಇದ್ಯಾ ಅಂತ ಬರೆದು ಕಳ್ಸಿ, ಎಲ್ಲಿ ನಿಂತ್ಕೊಂಡು ಎಸೀಬೇಕು ಅಂತ ಹೇಳ್ತೀನಿ. ತಂತಿ ಇದ್ರೆ ಆ ಕೊಳ ಬಿಟ್ಟು ಬೇರೆ ಹುಡುಕಿ.